ತಣ್ಣೊಲೆಯ ಹೊತ್ತು

ಕಥೆ ಶುರುವಾಗಬೇಕಾದರೆ ಮೊದಲು ಒಲೆ ಆರಬೇಕು. ನಮ್ಮ ಮನೆಯಲ್ಲಿ ಹಾಗೇ ಇತ್ತು. ಊಟ ಮುಗಿದು, ಬಾನಲ್ಲಿ ನಂದಾ ನೆತ್ತಿಯಿಂದ ಸ್ವಲ್ಪ ಜಾರಿದಳೆಂದರೆ ಊರ ಮಂಡಳಿಯ ಕೊಂಬು ಕೂಗುತ್ತಿತ್ತು. ಅಜ್ಜಿ ಎದ್ದು ಗೋಡೆಯ ಹಬೆಕೊಳವೆಯ ತಿರುಪನ್ನು ಕೈಯಾರೆ ಮುಚ್ಚುತ್ತಿದ್ದಳು. ಒಲೆ ಸುಯ್ಯೆಂದು ಉಸಿರು ಬಿಟ್ಟು ತಣ್ಣಗಾಗುತ್ತಿತ್ತು. ಆಮೇಲೆ ಗೋಡೆ, ಆಮೇಲೆ ನೆಲ, ಆಮೇಲೆ ನಮ್ಮ ಮೂಗಿನ ತುದಿ. ಅಕ್ಕ ಹೊನ್ನಿ ಮತ್ತು ನಾನು ಒಂದೇ ಕಂಬಳಿಯೊಳಗೆ ಅಜ್ಜಿಯ ಎಡಕ್ಕೊಬ್ಬರು ಬಲಕ್ಕೊಬ್ಬರು ತೂರಿಕೊಳ್ಳುತ್ತಿದ್ದೆವು.

“ಮೊದಲು ಬರೀ ಮಂಜಿತ್ತು,” ಎಂದು ಅಜ್ಜಿ ತೆಗೆಯುತ್ತಿದ್ದಳು. “ಯಾರದ್ದೂ ಅಲ್ಲದ ಮಂಜು. ಒಂಟಿಯಾಗಿದ್ದೂ ಇದ್ದೂ ಬೇಜಾರಾಗಿ ಅದು ತನ್ನನ್ನ ತಾನೇ ತಬ್ಕೊಳ್ತು. ತಬ್ಕೊಂಡಷ್ಟೂ ಬಿಸಿಯಾಯ್ತು. ಬಿಸಿಯಾಗಿ ಬಿಸಿಯಾಗಿ ಒಂದಿನ ಹೊಟ್ಟೆಯೊಳಗೇ ಒಲೆ ಹತ್ಕೊಳ್ತು. ಅವಳೇ ನಮ್ಮ ನಂದಾ.”

“ಒಲೆಗೆ ಸೌದೆ?” ಹೊನ್ನಿ ಕೇಳಲೇಬೇಕು. ಉತ್ತರ ಗೊತ್ತಿದ್ದರೂ ಕೇಳುತ್ತಿದ್ದಳು.

“ಸೌದೆ ಅವಳ ಮೈತುಂಬ ಇದೆ ಕಣೇ. ಆದ್ರೆ ಒಲೆ ಇರೋದು ಒಳಮನೇಲಿ. ಒಳಮನೆ ಸೌದೆ ಉರಿದು ಬೂದಿ ತುಂಬ್ಕೊಂಡಿದೆ. ಅಟ್ಟದ ಮೇಲೆ ರಾಶಿರಾಶಿ ಬಿದ್ದಿದೆ, ಇಳಿಸಿಕೊಡೋಕೆ ಆಳಿಲ್ಲ. ಅಟ್ಟದ ತುಂಬ ಸೌದೆ ಇಟ್ಕೊಂಡು ಒಲೆ ಆರಿ ಸಾಯೋಳು ಅಂದ್ರೆ ಚುಕ್ಕಿ ಒಬ್ಬಳೇ.”

“ಅದಕ್ಕೇ ನಾವು?”

“ಅದಕ್ಕೇ ನಾವು.”

ನಾವು ಎಂದರೆ ಹೊಸಮಣ್ಣಿನ ಜನ. ನಮ್ಮ ಹಿರಿಯರು ಭೂಮಿ ಬಿಟ್ಟು ತಲೆಮಾರುಗಳ ಕಾಲ ಅಲೆದು ಇಲ್ಲಿ ಇಳಿದಾಗ, ಈ ನೆಲಕ್ಕೆ ಬೆಳಕು ಕೊಡುವ ನಕ್ಷತ್ರ ಆಗಲೇ ಮುದಿಯಾಗುತ್ತಿದೆಯೆಂದು ಗೊತ್ತಾಯಿತಂತೆ. ಮತ್ತೆ ಹೊರಡಲು ಯಾರಿಗೂ ಕಸುವಿರಲಿಲ್ಲ. ಎಂದೂ ನಂದದಿರಲಿ ಎಂದು ಅವರು ಅವಳಿಗೆ ನಂದಾ ಎಂದು ಹೆಸರಿಟ್ಟು, ಕಡೆಗೋಲು ಕಟ್ಟಿದರು. ಗಡಿಗೆಯೊಳಗಿನ ಕಡೆಗೋಲಿಗೆ ಹಗ್ಗ ಸುತ್ತಿದಂತೆ ನಂದಾಳ ನಡುವಿಗೆ ಕಾಂತಗಳ ಒಂದು ಸರ. ನಮ್ಮೂರಿನ ಗೋಪುರದಿಂದ ಶಕ್ತಿ ಹೋದಾಗ ಆ ಸರ ಅವಳ ಒಡಲನ್ನು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಎಳೆಯುತ್ತದೆ. ಒಳಗಿನ ಬೂದಿ ಮೇಲಕ್ಕೆ, ಅಟ್ಟದ ಸೌದೆ ಕೆಳಕ್ಕೆ. ಶಾಲೆಯಲ್ಲಿ ಬೂದಿಗೆ ಹೀಲಿಯಂ ಅಂತಲೂ ಸೌದೆಗೆ ಹೈಡ್ರೋಜನ್ ಅಂತಲೂ ಹೇಳಿಕೊಟ್ಟರು. ನನಗೆ ಅಜ್ಜಿಯ ಮಾತೇ ಹೆಚ್ಚು ನಿಜವೆನಿಸುತ್ತಿತ್ತು.

ಆ ಶಕ್ತಿಗೆ ಊರು ಕೊಡುತ್ತಿದ್ದದ್ದೇ ತಣ್ಣೊಲೆ. ನಮ್ಮ ನೆಲದಾಳದ ಬಿಸಿಬಾವಿಗಳಿಂದ ಬರುವ ಹಬೆಯಲ್ಲೇ ನಮ್ಮ ಅಡುಗೆ, ನಮ್ಮ ಮನೆಯ ಕಾವು, ನಮ್ಮ ರಾಗಿ ಬೆಳೆ. ದಿನಕ್ಕೊಂದು ಹೊತ್ತು ಎಲ್ಲ ಮನೆಯವರೂ ತಿರುಪು ಮುಚ್ಚಿ ಆ ಹಬೆಯನ್ನು ಗೋಪುರಕ್ಕೆ ಬಿಟ್ಟುಕೊಡುತ್ತಾರೆ. ಆಗ ದಿಣ್ಣೆಯ ಹಿಂದೆ ಬಿಳಿ ಮೋಡವೊಂದು ಏಳುತ್ತದೆ. ಜನ ಬಾಗಿಲಲ್ಲಿ ನಿಂತು ಅದಕ್ಕೆ ಕೈ ಮುಗಿಯುತ್ತಾರೆ. ಎರಡನೇ ಕೊಂಬು ಕೂಗಿದ ಕೂಡಲೇ ಪ್ರತಿ ಮನೆಯ ಹಿರಿಯರೂ ಒಂದೇ ಮಾತು ಹೇಳಬೇಕು: “ಕಥೆ ಮುಗೀತು, ಒಲೆ ಹಚ್ಚಿ.” ರಾಜಕುಮಾರಿ ಬಾವಿಯೊಳಗೆ ಅರ್ಧ ಬಿದ್ದಿದ್ದರೂ ಸರಿ, ಅಜ್ಜಿ ಅಲ್ಲಿಗೇ ನಿಲ್ಲಿಸಿ ಆ ಮಾತು ಹೇಳಿಬಿಡುತ್ತಿದ್ದಳು. ಸೂರುಸೂರಿನಿಂದ ಹಬೆ ಏಳುತ್ತಿತ್ತು. ಯಾರ ಮನೆಯ ಒಲೆ ಯಾವಾಗ ಹತ್ತಿತು ಎನ್ನುವುದು ಇಡೀ ಊರಿಗೆ ಕಾಣುತ್ತಿತ್ತು.

ಗೋಪುರದ ಕಡೆ ಮಾತ್ರ ಯಾರೂ ಹೋಗುತ್ತಿರಲಿಲ್ಲ. ಅದಕ್ಕೂ ಅಜ್ಜಿಯದೇ ಕಥೆ. ಒಬ್ಬಳು ಹುಡುಗಿ ಬೇಲಿ ದಾಟಿ ಗೋಪುರದ ಬುಡಕ್ಕೆ ಹೋದಳಂತೆ. ನಂದಾಗೆ ಹೋಗುವ ಕಿರಣ ತಗುಲಿ ಅವಳ ನೆರಳು ಸುಟ್ಟುಹೋಯಿತಂತೆ. ನೆರಳಿಲ್ಲದೆ ಮನೆಗೆ ಬಂದರೆ ತಾಯಿಗೇ ಗುರುತು ಸಿಗಲಿಲ್ಲವಂತೆ. ಆ ಕಥೆ ಕೇಳಿದ ಮೇಲೆ ನಾನು ಎಷ್ಟೋ ದಿನ ನಡೆಯುವಾಗ ನನ್ನ ನೆರಳನ್ನು ನೋಡಿಕೊಂಡೇ ನಡೆದಿದ್ದೇನೆ.

ಅಜ್ಜಿಯ ಹೆಸರು ನಿಂಗಮ್ಮ. ಊರಿಗೆಲ್ಲ ಕಡೆಗೋಲಜ್ಜಿ. ಮಂಡಳಿಯ ಹಿರಿಯಳಾಗಿ ತುಂಬ ಕಾಲ ಕಡೆಗೋಲು ನಡೆಸಿದವಳು. ಆದರೆ ಊರು ಅವಳಿಗೆ ಕೈ ಮುಗಿಯುತ್ತಿದ್ದದ್ದು ಬೇರೆಯ ಕಾರಣಕ್ಕೆ. ನಾನು ಹುಟ್ಟಿದ್ದು ದೂರಗಾಲದಲ್ಲಿ. ಹೊಸಮಣ್ಣು ನಂದಾಳಿಂದ ದೂರ ಸರಿದು ಸುತ್ತುವ, ಉಗುಳು ನೆಲಕ್ಕೆ ಬೀಳುವಷ್ಟರಲ್ಲಿ ಗಟ್ಟಿಯಾಗುವ ಕಾಲ ಅದು. ಹೆತ್ತ ಅಮ್ಮ ನಡುಗುತ್ತ ಮಲಗಿದ್ದಾಗ ಕೊಂಬು ಕೂಗಿತು. “ಇವತ್ತೊಂದಿನ ಬಿಡಿ, ನಿಂಗಮ್ಮೋರೇ, ಯಾರೂ ಏನೂ ಅನ್ನಲ್ಲ,” ಅಂದರಂತೆ ನೆರೆಯವರು. ಅಜ್ಜಿ ಎದ್ದು ತಿರುಪು ಮುಚ್ಚಿದಳು. ಎರಡನೇ ಕೊಂಬಿನ ಮೊದಲು ಅಮ್ಮ ಹೋಗಿಬಿಟ್ಟಳು. ಅಜ್ಜಿಯ ಸೆರಗಿನೊಳಗೆ ನಾನು ಉಳಿದೆ.

ಶಾಲೆಯಲ್ಲಿ ಮಕ್ಕಳು ಇದನ್ನು ನಾಟಕ ಆಡುತ್ತಾರೆ. ಅಜ್ಜಿಯ ಪಾತ್ರಕ್ಕೆ ಹುಡುಗಿಯರು ಜಗಳವಾಡುತ್ತಾರೆ. ನನ್ನ ಪಾತ್ರವನ್ನು ಬಟ್ಟೆಯ ಗಂಟೊಂದು ಮಾಡುತ್ತದೆ. ಕಡೆಗೋಲಜ್ಜಿಯೇ ಮಗಳನ್ನು ಕೊಟ್ಟಮೇಲೆ ಕಾಯಿಲೆ, ಬಾಣಂತನ, ಮುಪ್ಪು ಅಂತ ಯಾರು ತಾನೇ ತಿರುಪು ತೆರೆದಾರು? ಯಾರೂ ತೆರೆಯಲಿಲ್ಲ.

ಕೊಟ್ಟದ್ದಕ್ಕೆ ಫಲವೂ ಕಣ್ಣೆದುರಿಗಿತ್ತು. ನಂದಾ ನನ್ನ ಬಾಲ್ಯದಲ್ಲಿದ್ದದ್ದಕ್ಕಿಂತ ದೊಡ್ಡದಾಗಿ, ಕೆಂಪಾಗಿ ಕಾಣುತ್ತಾಳೆ. ಹತ್ತಿರಗಾಲದಲ್ಲಿ ಈಗ ಕೆರೆಯ ಅಂಚು ಕರಗುತ್ತದೆ. “ಮೈಕೈ ತುಂಬ್ಕೊಂಡಿದ್ದಾಳೆ ನೋಡಿ, ನಾವಿಕ್ಕಿದ ಊಟ,” ಎಂದು ಮುದುಕರು ಹೆಮ್ಮೆಪಡುತ್ತಿದ್ದರು.

*

ಹೊನ್ನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು, ಅಂಗೈಯಲ್ಲಿಟ್ಟರೆ ಮೊಣಕೈ ಮುಟ್ಟದಷ್ಟು. ದೂರಗಾಲದ ತೀರ ನಡುಮಧ್ಯ.

ಮೊದಲ ದಿನದ ತಣ್ಣೊಲೆಯನ್ನು ನಾವೆಲ್ಲ ಸೇರಿ ತಡೆದುಕೊಂಡೆವು. ಹೊನ್ನಿ ಕೂಸನ್ನು ಬರಿ ಎದೆಗೆ ಒತ್ತಿಕೊಂಡಳು. ಅವಳ ಸುತ್ತ ಭಾವ ಮಾದೇಶ, ಅವನ ಮೇಲೆ ಮನೆಯ ಕಂಬಳಿಗಳೆಲ್ಲ, ಕಂಬಳಿಗಳ ಮೇಲೆ ನಾನು. ಅಜ್ಜಿ ಕಂಬಳಿಯ ಸಂದಿಯಿಂದ ಕೈ ತೂರಿಸಿ ಕೂಸಿನ ಪಾದ ತಿಕ್ಕುತ್ತಿದ್ದಳು. ಅಂದು ಕಥೆ ಹೇಳಲಿಲ್ಲ. ಎರಡನೇ ಕೊಂಬು ಕೂಗುವಾಗ ಕೂಸಿನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಸೂಲಗಿತ್ತಿ ಕೆಂಪಮ್ಮ ಬಂದು ನೋಡಿದಳು. “ಇವತ್ತು ಹೆಂಗೋ ಆಯ್ತು ಕಣವ್ವ. ನಾಳೆ ತಣ್ಣೊಲೆ ಈ ಕೂಸು ತಡ್ಕೊಳಲ್ಲ,” ಎಂದು ಮೆಲ್ಲಗೆ ಹೇಳಿದಳು. ಹೇಳಿ ಅಜ್ಜಿಯ ಮುಖ ನೋಡಿದಳು. ಊರಲ್ಲಿ ಕಷ್ಟ ಬಂದಾಗ ಎಲ್ಲರೂ ನೋಡುವುದು ಆ ಮುಖವನ್ನೇ. ಅಜ್ಜಿ ಕೂಸಿನ ಕುಲಾವಿಯ ದಾರ ಬಿಗಿ ಮಾಡುತ್ತಿದ್ದಳು.

“ನಮ್ಮಮ್ಮನೇ ತಡ್ಕೊಂಡ್ಳು. ನಾನೇನು ಹೆಚ್ಚಾ?” ಎಂದಳು ಹೊನ್ನಿ. ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

“ಅಮ್ಮ ತಡ್ಕೊಳ್ಳಲಿಲ್ಲ ಅಕ್ಕ. ಸತ್ಲು.”

“ಬಾಯ್ಮುಚ್ಚು ಬೆಳ್ಳಿ. ಒಂಚೂರು ಬುದ್ಧಿ ಇಲ್ಲ ನಿಂಗೆ.”

ಮಾದೇಶ ಭಾವ ನನ್ನನ್ನು ಬಾಗಿಲಾಚೆ ಕರೆದು, “ನೀನು ಮಂಡಳೀಲಿದ್ದೀಯಲ್ಲ. ಒಂದೇ ಒಂದು ಮನೆಗೆ, ಒಂದೇ ಒಂದು ದಿನ. ದಸ್ತಗೀರ್ ಸಾಹೇಬ್ರನ್ನ ಕೇಳ್ನೋಡೇ,” ಅಂದ. ಬಿಸಿಬಾವಿಯಲ್ಲಿ ದುಡಿಯುವ ದಪ್ಪ ಮನುಷ್ಯ. ಅವನ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

*

ಮಂಡಳಿಯಲ್ಲಿ ನನ್ನ ಕೆಲಸ ನಾಡಿ ಹಿಡಿಯುವುದು. ನಕ್ಷತ್ರಗಳು ಸುಮ್ಮನೆ ಉರಿಯುವುದಿಲ್ಲ, ನಡುಗುತ್ತವೆ. ಗಡಿಗೆಯನ್ನು ಬೆರಳಿಂದ ತಟ್ಟಿ ಒಳಗೆ ಎಷ್ಟಿದೆಯೆಂದು ಹೇಳುವಂತೆ, ನಂದಾಳ ನಡುಕ ಹಿಡಿದು ಅವಳ ಒಡಲಲ್ಲಿ ಏನಿದೆಯೆಂದು ಹೇಳಬಹುದು. ಆ ನಡುಕವನ್ನು ಯಂತ್ರ ಸದ್ದಾಗಿ ಬದಲಿಸಿ ಕಿವಿಗೆ ಕೊಡುತ್ತದೆ. ಕೆಲಸಕ್ಕೆ ಸೇರಿ ಇನ್ನೂ ಹೊಸತು. ಸದ್ದು ಕೇಳುತ್ತ ಕೇಳುತ್ತ ನಾನು ಎಲ್ಲೋ ಹೋಗಿಬಿಡುತ್ತಿದ್ದೆ. “ಏನಮ್ಮಾ ಕನಸಮ್ಮ, ನಂದಾ ಏನಂತಾಳೆ? ಮದ್ವೆ ಆಗ್ತಾಳಂತಾ?” ಎಂದು ದಸ್ತಗೀರ್ ಸಾಹೇಬರು ರೇಗಿಸುತ್ತಿದ್ದರು. ಅಜ್ಜಿಯ ಕೈಕೆಳಗೆ ಕೆಲಸ ಕಲಿತು, ಅವಳ ನಂತರ ಮಂಡಳಿಯ ಹಿರಿಯರಾದವರು.

ಮರುದಿನ ಬೆಳಿಗ್ಗೆ ಅವರ ಮುಂದೆ ಬರಿಗೈಯಲ್ಲಿ ಹೋಗಿ ನಿಲ್ಲಲು ಮನಸ್ಸಾಗಲಿಲ್ಲ. ನಮ್ಮ ಮನೆಯ ಒಂದು ದಿನದ ಪಾಲು ಎಷ್ಟು ಸಣ್ಣದೆಂದು ತೋರಿಸಿದರೆ ಒಪ್ಪುತ್ತಾರೆ ಎಂದುಕೊಂಡೆ. ಅದಕ್ಕೆ ಇಡೀ ಊರಿನ ತಣ್ಣೊಲೆ ನಂದಾಳ ನಾಡಿಯಲ್ಲಿ ಎಷ್ಟು ಅಲೆ ಎಬ್ಬಿಸುತ್ತದೆಂದು ಮೊದಲು ತಿಳಿಯಬೇಕು. ನಿನ್ನೆಯ ತಣ್ಣೊಲೆಯ ಸದ್ದು ಹಾಕಿದೆ. ಅದರ ಹಿಂದಿನ ಹೊತ್ತಿನ ಸದ್ದು ಹಾಕಿದೆ. ಎರಡೂ ಒಂದೇ ಥರ ಗುಂಯ್ ಎನ್ನುತ್ತಿದ್ದವು. ನನ್ನ ಕಿವಿಯದೇ ತಪ್ಪೆಂದುಕೊಂಡು ಮೊನ್ನೆಯದು ಹಾಕಿದೆ. ಕಳೆದ ಹತ್ತಿರಗಾಲದ್ದು ಹಾಕಿದೆ. ನಾನು ಹುಟ್ಟಿದ ವರ್ಷದ್ದೂ ಹಾಕಿದೆ. ಬಲಕ್ಕೊಂದು ಎಡಕ್ಕೊಂದು ಎಳೆತ, ಪುಸ್ತಕದಲ್ಲಿ ಓದಿದ್ದು, ಎಲ್ಲೂ ಇಲ್ಲ. ತಣ್ಣೊಲೆ ಎನ್ನುವುದೊಂದು ಇದೆ ಎಂದೇ ನಂದಾಗೆ ಗೊತ್ತಿದ್ದಂತಿರಲಿಲ್ಲ.

ಯಂತ್ರ ಕೆಟ್ಟಿದೆ ಎಂದು ನನಗೆ ಖುಷಿಯೇ ಆಯಿತು. ಕಂಡುಹಿಡಿದೆನಲ್ಲ ಎಂದು.

“ಸಾಹೇಬ್ರೇ, ನಮ್ಮ ನಾಡಿಯಂತ್ರ ಕಡೆಗೋಲನ್ನ ಕೇಳಿಸ್ಕೊಳ್ತಾನೇ ಇಲ್ಲ.”

ಅವರು ರೊಟ್ಟಿ ಮುರಿಯುತ್ತಿದ್ದರು. ಕೈ ಅಲ್ಲಿಗೇ ನಿಂತಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಎಷ್ಟು ಹಿಂದಿನವರೆಗೆ ಹಾಕಿ ನೋಡಿದೆ?”

“ನಾನು ಹುಟ್ಟಿದ ವರ್ಷದವರೆಗೆ.”

“ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಿದ್ದಿದ್ರೆ ಕೇಳಿಸ್ತಿತ್ತು,” ಅಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. “ಯಂತ್ರ ಸರಿಯಾಗೇ ಇದೆ ಮಗಾ. ನಿಂತಿರೋದು ಕಡೆಗೋಲು. ನಿಲ್ಸಿದ್ದು ನಿಮ್ಮಜ್ಜಿ.”

ಮಂಡಳಿಯ ಮೊಗಸಾಲೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಮರದ ಕಡೆಗೋಲಿದೆ. ಭೂಮಿಯಿಂದ ತಂದದ್ದು. ಸಾಹೇಬರು ಅದರ ಕಡೆ ಬೆರಳು ಮಾಡಿದರು. “ಅದರಲ್ಲಿ ಯಾರಾದ್ರೂ ಕಡೆದಿದ್ದು ನೋಡಿದ್ದೀಯಾ?”

ಇಲ್ಲ. ಹಸು ಈ ಮಣ್ಣಿಗೆ ಬರಲೇ ಇಲ್ಲ. ನಮಗೆ ಮಜ್ಜಿಗೆ ಎಂದರೆ ಬಿಳಿ ಪುಡಿ ಕಲಸಿದ ನೀರು.

“ಕಟ್ಟಿದ ಹಿರಿಯರೂ ನೋಡಿರಲಿಲ್ಲ. ಹಡಗಲ್ಲೇ ಹುಟ್ಟಿ ಹಡಗಲ್ಲೇ ಬೆಳೆದೋರು. ಕಡೆಯೋದು ಅಂದ್ರೆ ಬೆರೆಸೋದು ಅಂದ್ಕೊಂಡ್ರು. ಹಾಡಲ್ಲಿ ಕೇಳಿದ್ರು, ಗೊಂಬೆಲಿ ನೋಡಿದ್ರು. ಬಲಕ್ಕೊಂದೆಳೆತ, ಎಡಕ್ಕೊಂದೆಳೆತ, ಅದೇ ಲಯ ನಂದಾಳಿಗೂ ಹಾಕಿದ್ರು. ಕಡೆದ್ರೆ ಬೆರೆಯಲ್ಲ ಕಣಮ್ಮ. ಕಡೆದ್ರೆ ಬೆಣ್ಣೆ ಬೇರೆಯಾಗುತ್ತೆ, ಉಂಡೆ ಕಟ್ಕೊಳ್ಳುತ್ತೆ. ಬೆರೀಬೇಕಾದ್ರೆ ಮುದ್ದೆ ತಿರುವೋ ಹಾಗೆ ತಳದಿಂದ ಎತ್ತಿ ತಿರುವಬೇಕಿತ್ತು. ನಾವು ಎಳೆದಷ್ಟೂ ಅವಳ ಬೂದಿಯೆಲ್ಲ ನಡುವಿಗೇ ಬಂದು ಉಂಡೆ ಕಟ್ಕೊಳ್ತು. ಕೋಟ್ಯಂತರ ವರ್ಷ ಹಿಡೀಬೇಕಿದ್ದ ಮುಪ್ಪು ನಾಲ್ಕೈದು ತಲೆಮಾರಿಗೆ ಬಂದ್ಬಿಡ್ತು.”

“ಆದ್ರೆ ನಂದಾ ಬೆಚ್ಚಗಾಗ್ತಿದ್ದಾಳೆ. ಮೈ ತುಂಬ್ಕೊಂಡಿದ್ದಾಳೆ.”

“ಆರೋ ದೀಪಕ್ಕೆ ಉರಿ ಜಾಸ್ತಿ. ನಡುವಿನ ಒಲೆ ಆರಿದ ಚುಕ್ಕಿ ಹೊರಗಿನ ಪದರದಲ್ಲಿ ಉರಿಯೋಕೆ ಶುರು ಮಾಡ್ತಾಳೆ. ಊದ್ಕೊಳ್ತಾಳೆ, ಕೆಂಪಾಗ್ತಾಳೆ. ಮೊದಲು ಕೆರೆ ಕರಗುತ್ತೆ, ಎಲ್ರಿಗೂ ಸಂತೋಷ. ಆಮೇಲೆ ಕೆರೆ ಕುದಿಯುತ್ತೆ. ಕೊನೆಗೆ ಅವಳು ಮಂಜಾಗಿ ಹರಡಿಹೋಗ್ತಾಳೆ, ನಡುವೆ ಒಂದು ಕೆಂಡ ಉಳಿಯುತ್ತೆ. ನಮ್ಮ ಕಾಲಕ್ಕಲ್ಲ ಬಿಡು. ಆ ಕೂಸು ಮುದುಕಿಯಾಗೋ ಹೊತ್ತಿಗೆ ಇಲ್ಲಿ ಇರೋದು ಕಷ್ಟ.”

ಅಜ್ಜಿ ಇದನ್ನು ನಾಡಿಯಲ್ಲಿ ಕೇಳಿದ ದಿನವೇ ಕಡೆಗೋಲು ನಿಲ್ಲಿಸಿದಳಂತೆ. ಆದರೆ ತಣ್ಣೊಲೆ ನಿಲ್ಲಿಸಲಿಲ್ಲ.

“ಮತ್ತೆ ನಮ್ಮ ಹಬೆ? ದಿನಾ ಕೊಡ್ತೀವಲ್ಲ, ಅದು?”

ಅವರು ಕಿಟಕಿಯ ಕಡೆ ನೋಡಿದರು. ದಿಣ್ಣೆಯ ಹಿಂದೆ ಗೋಪುರದ ತುದಿ ಕಾಣುತ್ತಿತ್ತು.

“ಹೊರಗೆ ಬಿಡ್ತೀವಿ.”

“ಹೊರಗೆ ಅಂದ್ರೆ?”

“ಸುಮ್ನೆ. ಗಾಳಿಗೆ.”

ಯಾರಾದರೂ ಕದ್ದಿದ್ದರೆ, ಯಾರೋ ಕೆಲವರು ಆ ಬಿಸಿಯಲ್ಲಿ ಮೈ ಕಾಯಿಸಿಕೊಂಡಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ. ಆ ಹಬೆಯಲ್ಲಿ ಆಚೆಯ ದೂರದ ಗ್ರಹದ ಚಂದ್ರನ ಮೇಲೆ ಒಂದು ಊರನ್ನೇ ಕೊರೆಯಬಹುದಿತ್ತು. ನಂದಾ ಊದಿಕೊಳ್ಳುವ ಹೊತ್ತಿಗೆ ನಾವು ಅಲ್ಲಿಗೆ ಸರಿಯಬಹುದಿತ್ತು. ಏನೂ ಅಲ್ಲದಿದ್ದರೆ ಮಕ್ಕಳಾದರೂ ಬೆಚ್ಚಗಿರಬಹುದಿತ್ತು.

“ನಾನೂ ದಿನಾ ತಣ್ಣಗಿರೋದನ್ನೇ ತಿಂದಿದ್ದೀನಿ ಮಗಾ. ನನ್ನ ಮನೆಯೋರೂ,” ಎಂದರು ಸಾಹೇಬರು.

“ಇವತ್ತು ನಮ್ಮನೆ ತಿರುಪು ತೆರೀತೀನಿ.”

“ಕಡೆಗೋಲಜ್ಜಿ ಮನೆ ಸೂರಲ್ಲಿ ತಣ್ಣೊಲೆ ಹೊತ್ತಲ್ಲಿ ಹಬೆ ಎದ್ರೆ ಊರು ಸುಮ್ನಿರುತ್ತಾ? ಯಾಕೆ ಅಂತ ಕೇಳುತ್ತೆ. ಕೇಳಿದ್ರೆ ಏನು ಹೇಳ್ತೀಯಾ? ಯೋಚ್ನೆ ಮಾಡು. ನಿಮ್ಮಜ್ಜಿಯನ್ನ ಒಂದು ಮಾತು ಕೇಳು.”

*

ಅಜ್ಜಿ ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತಿದ್ದಳು. ಹಬೆಮನೆಯಲ್ಲಿ ಬೆಳೆದ ಅವರೆ. ಬಾಣಂತಿಗೆ ಸಾರು ಮಾಡಲು. ಪಕ್ಕದ ಕೋಣೆಯಲ್ಲಿ ಹೊನ್ನಿ ನಿದ್ದೆ ಹೋಗಿದ್ದಳು. ನಾನು ಅಜ್ಜಿಯ ಎದುರು ಕೂತೆ. ಏನೂ ಹೇಳುವ ಮೊದಲೇ ಅವಳು ನನ್ನ ಮುಖ ನೋಡಿದಳು.

“ಯಾರು ಹೇಳಿದ್ರು?”

“ನಂದಾನೇ ಹೇಳಿದ್ಲು.”

ಅವಳ ಬೆರಳು ಕಾಳು ಹಿಸುಕುತ್ತಲೇ ಇತ್ತು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ.

“ನಾ ಹುಟ್ಟೋ ಮೊದ್ಲೇ ನಿಂತಿತ್ತಂತೆ. ಹಾಗಾದ್ರೆ ಅಮ್ಮ ಮಲಗಿದ್ದಾಗ ನಿಂಗೆ ಗೊತ್ತಿತ್ತು.”

“ಬೆಳ್ಳೀ, ಒಂದು ಕಥೆ ಹೇಳ್ತೀನಿ ಕೂತ್ಕೋ...”

“ಕಥೆ ಬೇಡ ಅಜ್ಜಿ. ಹೌದೋ ಅಲ್ವೋ?”

ಅಜ್ಜಿ ಬಟ್ಟಲನ್ನು ಆಚೆ ಸರಿಸಿದಳು. ಆ ಮುಖದಲ್ಲಿ ನಾನು ಅಳು ಹುಡುಕಿದೆ, ಕಾಣಲಿಲ್ಲ.

“ತೆರೆದಿದ್ರೆ ಊರೇ ನೋಡ್ತಿತ್ತು,” ಎಂದಳು.

ಅಷ್ಟೇ. ನನ್ನಮ್ಮನಿಗೆ ಅವಳು ಕೊಟ್ಟ ಲೆಕ್ಕ ಅಷ್ಟೇ.

“ನೋಡಿದ್ರೆ ನೋಡ್ಲಿ ಅಂತ ಅನ್ನಿಸ್ಲಿಲ್ವಾ?”

“ಏನಂತ ಹೇಳ್ಬೇಕಿತ್ತು? ನೀವು ಮಕ್ಕಳನ್ನ ನಡುಗಿಸಿ ಕೊಟ್ಟಿದ್ದೆಲ್ಲ ನಂದಾಳಿಗೆ ವಿಷ ಆಯ್ತು ಅಂತಲಾ? ನಿಮ್ಮಪ್ಪಂದಿರು, ತಾತಂದಿರು ದಿನಾ ಒಂದು ಹಿಡಿ ಮಣ್ಣು ಅವಳ ಬಾಯಿಗೆ ಹಾಕಿದ್ರು ಅಂತಲಾ? ಜನ ಚಳೀನ ತಡ್ಕೊಂಡಿದ್ದು ಹಬೆಯಿಂದಲ್ಲ ಕಣೇ, ತಾವು ಯಾರನ್ನೋ ಉಳಿಸ್ತಿದ್ದೀವಿ ಅನ್ನೋದ್ರಿಂದ. ಅದನ್ನ ಕಿತ್ಕೊಂಡಿದ್ರೆ ಮಾರನೇ ದಿನ ಯಾರೂ ಹಾಸಿಗೆಯಿಂದ ಏಳ್ತಿರ್ಲಿಲ್ಲ.”

“ನಮ್ಮಮ್ಮ ಏಳ್ತಿದ್ಲು.”

ಅಜ್ಜಿ ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡಳು. ನನಗೆ ಅವಳ ಕಂಬಳಿಯ ವಾಸನೆ ನೆನಪಾಯಿತು, ಆ ಬೆಚ್ಚಗಿನ ಪಕ್ಕೆ. ಅಷ್ಟು ವರ್ಷ ನಾನು ಒರಗಿ ಕೂತಿದ್ದದ್ದು ಯಾರಿಗೆ? ನಾನು ಕಂಡ ಕನಸುಗಳಿಗೆಲ್ಲ ಅವಳ ಕಥೆಗಳೇ ನೂಲು. ನಂದಾಳ ನಡುಕ ಕೇಳಿ ನಾನು ಮೈಮರೆಯುತ್ತಿದ್ದದ್ದೂ ಆ ಕಥೆಗಳಿಂದಲೇ. ಈಗ ಯಾವ ಎಳೆ ಎಳೆದರೂ ಕೈಗೆ ಅಮ್ಮನ ತಣ್ಣಗಿನ ಕೈಯೇ ಬರುತ್ತಿತ್ತು.

“ಇವತ್ತು ತಿರುಪು ಮುಚ್ಬೇಡ ಅಜ್ಜಿ. ಕೂಸು ಉಳಿಯಲ್ಲ. ಇದೊಂದು ಸಲ ನಿಜ ಹೇಳ್ಬಿಡು.”

ಅವಳು ನನ್ನ ತಲೆ ಸವರಲು ಕೈ ಎತ್ತಿದಳು. ನಾನು ಹಿಂದಕ್ಕೆ ಸರಿದೆ.

*

ಕೊಂಬು ಕೂಗಿದಾಗ ನಾನು ತಿರುಪಿಗೆ ಅಡ್ಡ ನಿಂತೆ.

ಹೊನ್ನಿ ಕೂಸನ್ನೆತ್ತಿಕೊಂಡೇ ಎದ್ದು ಬಂದಳು. “ಸರಿಯೇ ಆ ಕಡೆ. ಹುಚ್ಚು ಗಿಚ್ಚು ಹಿಡೀತಾ?”

ನಾನು ಹೇಳಿದೆ. ಎಲ್ಲವನ್ನೂ, ತಡವರಿಸುತ್ತ, ಹಿಂದುಮುಂದಾಗಿ. ಕಡೆಗೋಲು ನಿಂತದ್ದು, ಹಬೆ ಗಾಳಿಗೆ ಹೋಗುವುದು, ಅಮ್ಮ. ಮಾದೇಶ ಭಾವ ಬಾಯಿ ತೆರೆದು ನಿಂತಿದ್ದ. ಹೊನ್ನಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಅವಳು ಅಜ್ಜಿಯ ಕಡೆ ತಿರುಗಿದಳು. ಚಿಕ್ಕಂದಿನಲ್ಲಿ ಕೇಳುತ್ತಿದ್ದ ಅದೇ ದನಿಯಲ್ಲಿ, ಉತ್ತರ ಗೊತ್ತಿರುವವಳಂತೆ ಕೇಳಿದಳು.

“ಅಜ್ಜಿ, ಹೌದಾ?”

ಕೂಸು ಸಣ್ಣಗೆ ನರಳಿತು. ಅಜ್ಜಿ ಆ ಕೂಸನ್ನು ನೋಡಿದಳು. ತೆರೆದ ಬಾಗಿಲಾಚೆ ನೆರೆಮನೆಯವರು ಮೋಡಕ್ಕೆ ಕೈ ಮುಗಿಯಲು ಬಂದು ನಿಂತಿದ್ದರು. ಅಜ್ಜಿ ಅವರನ್ನೂ ನೋಡಿದಳು.

“ಇಲ್ಲ ಕಂದ,” ಎಂದಳು. “ಬೆಳ್ಳಿ ಏನೋ ಕನಸು ಕಂಡಿದ್ದಾಳೆ.”

ಹೊನ್ನಿ ನನ್ನ ಭುಜ ಹಿಡಿದು ಪಕ್ಕಕ್ಕೆ ತಳ್ಳಿ, ತನ್ನ ಕೈಯಾರೆ ತಿರುಪು ಮುಚ್ಚಿದಳು. ನಮ್ಮಮ್ಮ ಮಲಗಿದ್ದಾಗ ಅಜ್ಜಿ ಮುಚ್ಚಿದಂತೆಯೇ. ಒಲೆ ಸುಯ್ಯೆಂದಿತು.

ಆಗ ನನಗೆ ಹೊಳೆದದ್ದು ಒಂದೇ. ನಮ್ಮ ಒಲೆಯಿಂದ, ಎಲ್ಲರ ಒಲೆಯಿಂದ ಹೊರಟ ಆ ಬಿಸಿ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ಹೊನ್ನಿ ಕಂಬಳಿ ಹೊದ್ದುಕೊಳ್ಳಲು ಕೂಸನ್ನು ಮಂಚದ ಮೇಲಿಟ್ಟಳು. ನಾನು ಎತ್ತಿಕೊಂಡು ರವಿಕೆಯೊಳಗೆ ತೂರಿಸಿ, ಸೆರಗು ಬಿಗಿದು, ಓಡಿದೆ.

“ನನ್ನ ಕೂಸು! ಅಯ್ಯೋ, ಹಿಡೀರೋ ಅವಳನ್ನ!”

ಬೀದಿಯಲ್ಲಿ ಕೈ ಮುಗಿದು ನಿಂತವರೆಲ್ಲ ತಿರುಗಿ ನೋಡಿದರು. ಗಾಳಿ ಮುಖಕ್ಕೆ ಗರಗಸದಂತೆ ತಾಗುತ್ತಿತ್ತು. ಎದೆಯ ಮೇಲೆ ಕೂಸು ಅಳುತ್ತಿರಲಿಲ್ಲ, ಅದೇ ನನಗೆ ಭಯ. ಹಿಂದೆ ಮಾದೇಶ ಭಾವನ ದಪ್ಪ ಹೆಜ್ಜೆ, ಹೊನ್ನಿಯ ಕೂಗು, ಅದರ ಹಿಂದೆ ಬೀದಿಯೇ ಎದ್ದು ಬರುವ ಸದ್ದು. ದಿಣ್ಣೆ ಹತ್ತಿ ಇಳಿದೆ. ಬೇಲಿ ಕಂಡಿತು. ನೆರಳು ಸುಟ್ಟುಕೊಂಡ ಹುಡುಗಿಯ ಬೇಲಿ. ನನ್ನ ಕಾಲುಗಳು ಒಮ್ಮೆ ನಿಂತವು. ಸುಳ್ಳೆಂದು ಗೊತ್ತಿದ್ದರೂ ನಿಂತವು. ಕಥೆ ಅಷ್ಟು ಆಳಕ್ಕೆ ಇಳಿದಿತ್ತು. ಆಮೇಲೆ ತಂತಿಯ ಕೆಳಗೆ ನುಸುಳಿದೆ.

ಬೇಲಿಯಾಚೆ ನೆಲ ಮೆತ್ತಗಿತ್ತು. ಹಿಮ ಇರಲಿಲ್ಲ. ಗೋಪುರದ ಬುಡದಲ್ಲಿ ದಪ್ಪ ಕೊಳವೆಗಳು ಬಾಯಿ ತೆರೆದು ಮೆಲ್ಲಗೆ ಹಬೆ ಉಗುಳುತ್ತಿದ್ದವು. ಯಂತ್ರವಿಲ್ಲ, ಕಿರಣವಿಲ್ಲ, ಉರಿಯಿಲ್ಲ. ಸುತ್ತಲೂ ನಾನು ಹೊರಗೆಲ್ಲೂ ಕಾಣದ ಹಸಿರು ಹುಲ್ಲು, ಮೊಣಕಾಲೆತ್ತರ, ಯಾರೂ ತುಳಿಯದ್ದು. ನಾನು ಕೊಳವೆಗಳಿಂದ ಸ್ವಲ್ಪ ದೂರ ಆ ಹುಲ್ಲಿನ ಮೇಲೆ ಕೂತು ಸೆರಗು ಬಿಡಿಸಿದೆ. ಬೆಚ್ಚಗಿನ ಗಾಳಿ ನಮ್ಮಿಬ್ಬರನ್ನೂ ಸುತ್ತಿಕೊಂಡಿತು. ಕೂಸಿನ ತುಟಿ ನೇರಳೆ. ಅಂಗಾಲು ತಿಕ್ಕಿದೆ, ಬೆನ್ನು ತಿಕ್ಕಿದೆ. ಹುಲ್ಲಿನ ಮೇಲೆ ನನ್ನ ನೆರಳು ಬಾಗಿ ಏಳುತ್ತಿತ್ತು, ಎಲ್ಲೂ ಸುಟ್ಟಿರಲಿಲ್ಲ. ತಿಕ್ಕುತ್ತ ತಿಕ್ಕುತ್ತ ಆ ತುಟಿ ಮೊದಲು ಬೂದಿಬಣ್ಣಕ್ಕೆ ಬಂತು, ಆಮೇಲೆ ಗುಲಾಬಿ. ಆಮೇಲೆ ಕೂಸು ಬಾಯಿ ತೆರೆದು ಊರಿಗೆಲ್ಲ ಕೇಳುವಂತೆ ಕಿರುಚಿತು.

ಜನ ಬೇಲಿಯ ಹತ್ತಿರ ಸಾಲಾಗಿ ನಿಂತುಬಿಟ್ಟಿದ್ದರು. ಯಾರೂ ದಾಟುವ ಧೈರ್ಯ ಮಾಡಲಿಲ್ಲ. ದಾಟಿದವಳು ಹೊನ್ನಿ. ನನ್ನನ್ನು ಹೊಡೆಯಲೆಂದು ಕೈ ಎತ್ತಿಕೊಂಡೇ ಬಂದಳು. ನಡುದಾರಿಯಲ್ಲಿ ಕೈ ಕೆಳಗಿಳಿಯಿತು. ಬಗ್ಗಿ ನೆಲ ಮುಟ್ಟಿ ನೋಡಿದಳು. ಮೊದಲು ಬೆರಳ ತುದಿಯಲ್ಲಿ, ಆಮೇಲೆ ಎರಡೂ ಅಂಗೈ ಊರಿ. ಅಲ್ಲಿಂದ ನನ್ನವರೆಗೆ ಅವಳು ಹಾಗೆಯೇ ತೆವಳಿ ಬಂದಳು. ಕೂಸನ್ನು ಕೈಗೆ ಕೊಟ್ಟೆ. ಎದೆಗೆ ಹಾಕಿಕೊಂಡು ಹುಲ್ಲಿನಲ್ಲಿ ಕೂತಳು.

“ಇಷ್ಟು ಬೆಚ್ಚಗಿದೆ,” ಎಂದಳು. ಹುಲ್ಲಿನ ಮೇಲೆ ಮತ್ತೆ ಅಂಗೈ ಊರಿ, “ಅಮ್ಮ ಸಾಯೋವಾಗ್ಲೂ ಇಲ್ಲಿ ಇಷ್ಟೇ ಬೆಚ್ಚಗಿತ್ತಾ?” ಎಂದು ಕೇಳಿದಳು.

ನಾನು ಹೌದೆಂದು ತಲೆಯಾಡಿಸಿದೆ.

ಅಷ್ಟರಲ್ಲಿ ಬೇಲಿಯ ಬಳಿ ಜನ ಎರಡಾಗಿ ಸರಿದು ದಾರಿ ಬಿಟ್ಟರು. ಅಜ್ಜಿ ಬಂದಿದ್ದಳು. ಕೋಲೂರಿಕೊಂಡು, ತಲೆಯ ಮೇಲೆ ಸೆರಗಿಲ್ಲದೆ. ಕೆಂಪಮ್ಮ ಅವಳ ತೋಳು ಹಿಡಿದಿದ್ದಳು. ಅಜ್ಜಿ ಬೇಲಿಯ ತಂತಿಗೆ ಕೈ ಹಚ್ಚಿ ನಿಂತು ನಮ್ಮನ್ನು ನೋಡಿದಳು. ಅವಳ ಹಿಂದೆ ನಂದಾ, ಕೆಂಪಗೆ, ಊದಿಕೊಂಡು, ನಮ್ಮ ಊಟ ಉಂಡು ಮೈ ತುಂಬಿಕೊಂಡವಳಂತೆ.

“ಕೂಸು ಹೆಂಗಿದೆ ಹೊನ್ನೀ?” ಎಂದು ಕೇಳಿದಳು.

ಹೊನ್ನಿ ಕೂಸನ್ನು ಸೆರಗಿನಿಂದ ಮುಚ್ಚಿಕೊಂಡಳು. ಆ ಬೆಚ್ಚಗಿನ ಗಾಳಿ ಬೇಲಿಯ ತನಕ ಹೋಗಿ ಮುಂದೆ ನಿಂತವರ ಮುಖಕ್ಕೆ ತಾಗಿರಬೇಕು. ಒಬ್ಬ ಮುದುಕ ಕೈ ಮುಂದೆ ಚಾಚಿ ಹಿಡಿದ, ಮನೆಯ ಒಲೆಯ ಮುಂದೆ ಹಿಡಿದಂತೆ. ಪಕ್ಕದವಳೂ ಹಿಡಿದಳು. ಒಬ್ಬರ ನಂತರ ಒಬ್ಬರು. ಕೆಂಪಮ್ಮ ಅಜ್ಜಿಯ ತೋಳು ಬಿಟ್ಟು, ತನ್ನ ಎರಡೂ ಕೈಗಳನ್ನು ಆ ಗಾಳಿಗೆ ಒಡ್ಡಿದಳು. ಎಷ್ಟು ತಣ್ಣಗಾದ ಕೂಸುಗಳನ್ನು ಸುತ್ತಿ ಕೊಟ್ಟ ಕೈಗಳೋ ಅವು.

ಎರಡನೇ ಕೊಂಬು ಕೂಗಿತು.

ರೂಢಿಯಂತೆ ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅವಳು ಹೇಳಬೇಕು, ಹೇಳಿದರೆ ಮನೆಗೆ ಹೋಗಬಹುದು, ಒಲೆ ಹಚ್ಚಬಹುದು, ಸಾರು ಕುದಿಸಬಹುದು. ಅಜ್ಜಿಯ ತುಟಿ ಅಲುಗಿತು. ನನ್ನ ಬಾಲ್ಯದ ಪ್ರತಿ ಮಧ್ಯಾಹ್ನವನ್ನೂ ಮುಗಿಸಿದ ಆ ಮಾತು ಅವಳ ಬಾಯಿಂದ ಬರಲಿಲ್ಲ.

ಹೊನ್ನಿ ಕೂಸಿನ ಕುಲಾವಿ ಸರಿ ಮಾಡಿದಳು. ತಲೆ ಎತ್ತಲಿಲ್ಲ.

“ಕಥೆ ಮುಗೀತು, ಅಜ್ಜಿ,” ಎಂದಳು.

ಯಾರೂ ಮನೆಯ ಕಡೆ ಹೊರಡಲಿಲ್ಲ. ಮಾದೇಶ ಭಾವ ಬೇಲಿಯ ತಂತಿಯನ್ನು ಮೇಲಕ್ಕೆತ್ತಿ ಹಿಡಿದ. ಒಬ್ಬೊಬ್ಬರಾಗಿ, ಬಗ್ಗಿ, ತಮ್ಮ ನೆರಳುಗಳನ್ನು ನೋಡಿಕೊಳ್ಳುತ್ತ, ಊರಿನವರು ಒಳಗೆ ಬರತೊಡಗಿದರು. ಅಜ್ಜಿ ಹೊರಗೆ ಚಳಿಯಲ್ಲಿ ನಿಂತಿದ್ದಳು. ಬಾ ಎಂದು ನಾನು ಕರೆಯಲಿಲ್ಲ.